ಬಯಾಸ್ ತಿರುಪಿಗೆ ಕೈ ಹಾಕುವ ಮುನ್ನ: ಟ್ಯೂಬ್ ಗಿಟಾರ್ ಆಂಪ್‌ನಲ್ಲಿ ದೋಷ ಹುಡುಕುವ ಕ್ರಮ

ಹೊಸ ಪವರ್ ಟ್ಯೂಬ್ (ಸ್ಪೀಕರಿಗೆ ಶಕ್ತಿ ಕೊಡುವ ದೊಡ್ಡ ಟ್ಯೂಬ್) ಜೋಡಿ ಹಾಕಿ ಆಂಪ್ ಆನ್ ಮಾಡಿದ್ದೀರಿ. ಐದು ನಿಮಿಷ ಚೆನ್ನಾಗಿಯೇ ನುಡಿಯಿತು. ಆಮೇಲೆ ಹಿಂಬದಿಯಿಂದ ಇಣುಕಿದರೆ ಒಂದು ಟ್ಯೂಬಿನೊಳಗಿನ ಬೂದು ತಗಡು ಕುಲುಮೆಯಲ್ಲಿಟ್ಟ ಕಬ್ಬಿಣದ ಹಾಗೆ ಕೆಂಪಗಾಗುತ್ತಿದೆ. ಈ ಹೊತ್ತಿನಲ್ಲಿ ಯಾರನ್ನು ಕೇಳಿದರೂ "ಬಯಾಸ್ ಸೆಟ್ ಮಾಡಿ ಸಾರ್" ಅನ್ನುತ್ತಾರೆ. ನಾನು ಹೇಳುವುದು ಅದಕ್ಕೆ ಉಲ್ಟಾ. ಮೊದಲು ಆಂಪ್ ಆಫ್ ಮಾಡಿ, ಬಯಾಸ್ ಪಾಟ್ (ಟ್ಯೂಬಿನ ಕರೆಂಟ್ ಹೊಂದಿಸುವ ಪುಟ್ಟ ತಿರುಪು) ಮುಟ್ಟಬೇಡಿ. ಆ ಪಾಟ್ ಇರುವುದು ಆರೋಗ್ಯವಾಗಿರುವ ಆಂಪನ್ನು ಹೊಸ ಟ್ಯೂಬಿಗೆ ಹೊಂದಿಸಲಿಕ್ಕೆ. ಒಳಗಿನ ರೋಗವನ್ನು ಮುಚ್ಚಿಹಾಕಲು ಅದನ್ನು ತಿರುಗಿಸಿದರೆ ಕೆಂಪು ಒಂದು ದಿನದ ಮಟ್ಟಿಗೆ ಮಾಯವಾಗುತ್ತದೆ, ಅಷ್ಟೇ.

ಇದನ್ನು ನಾನು ಕಲಿತದ್ದು ಒಂದು ಜೋಡಿ ಒಳ್ಳೆಯ ಇಎಲ್34 ಟ್ಯೂಬುಗಳನ್ನು ಸುಟ್ಟುಕೊಂಡ ಮೇಲೆ. ಆ ಕಥೆ ಅದರ ಜಾಗ ಬಂದಾಗ ಹೇಳುತ್ತೇನೆ.

ತೂಬಿನ ಹಲಗೆ

ಕೆರೆಯ ತೂಬು ಗೊತ್ತಲ್ಲ, ಟ್ಯೂಬಿನ ಕೆಲಸವೂ ಅದೇ. ಹೆಸರಿನ ಹೋಲಿಕೆ ಕಾಕತಾಳೀಯ, ಆದರೆ ಬ್ರಿಟಿಷರು ಇದನ್ನು ವಾಲ್ವ್ ಎಂದೇ ಕರೆಯುವುದರಿಂದ ಹೋಲಿಕೆ ಅಷ್ಟೇನೂ ತಪ್ಪಲ್ಲ. ಬಿಸಿಯಾದ ಕ್ಯಾಥೋಡಿನಿಂದ ಹೊರಟ ಎಲೆಕ್ಟ್ರಾನುಗಳು ಪ್ಲೇಟಿನ (ಆ ಬೂದು ತಗಡಿನ) ಕಡೆ ಹರಿಯುತ್ತವೆ, ನಡುವೆ ನಿಂತಿರುವ ಗ್ರಿಡ್ ತೂಬಿನ ಹಲಗೆ. ಗ್ರಿಡ್‌ಗೆ ಮೈನಸ್ ವೋಲ್ಟೇಜ್ ಹೆಚ್ಚು ಕೊಟ್ಟಷ್ಟೂ ಹಲಗೆ ಕೆಳಗಿಳಿಯುತ್ತದೆ, ಹರಿವು ತಗ್ಗುತ್ತದೆ. ಗಿಟಾರ್ ನುಡಿಸದೆ ಸುಮ್ಮನಿರುವಾಗ ಹಲಗೆ ಎಷ್ಟು ಎತ್ತರದಲ್ಲಿ ನಿಂತಿರಬೇಕು ಅನ್ನುವುದೇ ಬಯಾಸ್. ಮೈನಸ್ 50 ವೋಲ್ಟ್ ಮೈನಸ್ 40ಕ್ಕಿಂತ ಕಡಿಮೆಯೋ ಜಾಸ್ತಿಯೋ ಎಂದು ತಲೆ ತಿರುಗಿದಾಗ ಹಲಗೆಯನ್ನು ನೆನಪಿಸಿಕೊಳ್ಳಿ. 50 ಅಂದರೆ ಹಲಗೆ ಇನ್ನಷ್ಟು ಕೆಳಗೆ, ಟ್ಯೂಬ್ ಇನ್ನಷ್ಟು ತಣ್ಣಗೆ. ಇನ್ನೊಂದು ಮಾತು: ಈ ಬರಹದಲ್ಲಿ ಕರೆಂಟ್ ಅಂದರೆ ಆಗಾಗ ಹೋಗಿಬರುವ ಕರೆಂಟಲ್ಲ, ಟ್ಯೂಬಿನೊಳಗೆ ಹರಿಯುವ, ಮಿಲಿಆಂಪಿಯರ್‌ನಲ್ಲಿ ಅಳೆಯುವ ಕರೆಂಟ್.

ಬಯಾಸ್ ಕೊಡುವ ರೀತಿ ಎರಡು. ಒಂದರಲ್ಲಿ ಪ್ರತ್ಯೇಕ ಮೈನಸ್ ವೋಲ್ಟೇಜ್ ತಯಾರಿಸಿ ಗ್ರಿಡ್‌ಗೆ ಕೊಡುತ್ತಾರೆ, ಇದು ಫಿಕ್ಸೆಡ್ ಬಯಾಸ್. ಇನ್ನೊಂದರಲ್ಲಿ ಕ್ಯಾಥೋಡಿನ ಕೆಳಗೊಂದು ದಪ್ಪ ರೆಸಿಸ್ಟರ್ ಇಟ್ಟು ಟ್ಯೂಬ್ ತನ್ನನ್ನು ತಾನೇ ಹಿಡಿದುಕೊಳ್ಳುವಂತೆ ಮಾಡುತ್ತಾರೆ, ಇದು ಕ್ಯಾಥೋಡ್ ಬಯಾಸ್. ಹೆಸರಿಟ್ಟವರ ತಮಾಷೆ ನೋಡಿ: ನಾವು ಹೊಂದಿಸಬೇಕಾದದ್ದು 'ಫಿಕ್ಸೆಡ್' ಎಂದು ಕರೆಸಿಕೊಳ್ಳುವುದನ್ನೇ. ಮಾರ್ಷಲ್‌ನ ಜೆಸಿಎಂ800, ಫೆಂಡರ್‌ನ ಟ್ವಿನ್ ರಿವರ್ಬ್, ಡಿಲಕ್ಸ್ ರಿವರ್ಬ್ ಮೊದಲ ಜಾತಿಯವು. ವಾಕ್ಸ್ ಎಸಿ30, ಫೆಂಡರ್‌ನ ಹಳೆಯ ಟ್ವೀಡ್ ಡಿಲಕ್ಸ್ ಎರಡನೆಯವು.

ಲಕ್ಷಣ ಓದುವುದು

ಟ್ಯೂಬಿನ ತಲೆಯಲ್ಲೋ ಬುಡದಲ್ಲೋ ಕಾಣುವ ಕಿತ್ತಳೆ ಬೆಳಕು ಹೀಟರಿನದು, ಅದು ಇರಲೇಬೇಕು. ಗಾಜಿನ ಒಳಮೈಗೆ ಅಂಟಿಕೊಂಡ ಹಾಗೆ, ನುಡಿಸಿದಾಗ ಕುಣಿಯುವ ನೀಲಿ ಬೆಳಕಿನಿಂದಲೂ ತೊಂದರೆಯಿಲ್ಲ, ನೋಡಲು ಚಂದವೇ. ಆದರೆ ಅದೇ ನೀಲಿ ನೇರಳೆಗೆ ತಿರುಗಿ ಪ್ಲೇಟಿನ ಒಳಗೆಲ್ಲ ಮಂಜಿನ ಹಾಗೆ ತುಂಬಿಕೊಂಡರೆ ಟ್ಯೂಬಿನೊಳಗೆ ಗಾಳಿ ಸೇರಿದೆ ಎಂದರ್ಥ, ಅದು ಕಸದ ಬುಟ್ಟಿಗೆ. ಇನ್ನು ಪ್ಲೇಟಿನ ತಗಡೇ ಕೆಂಪಾದರೆ ಟ್ಯೂಬಿಗೆ ತಾಳಲಾರದಷ್ಟು ಶಾಖ ಹುಟ್ಟುತ್ತಿದೆ. ನಿಮಿಷಗಳ ಲೆಕ್ಕ ಹಾಕದೆ ಆಫ್ ಮಾಡಬೇಕು. ಟ್ಯೂಬ್ ಹೋದರೆ ಹೋಗಲಿ, ಅದರ ಜೊತೆ ಟ್ಯೂಬಿಗೂ ಸ್ಪೀಕರಿಗೂ ನಡುವಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋದರೆ ದುಃಖ ದೊಡ್ಡದು.

ಬಯಾಸ್ ತೀರಾ ತಣ್ಣಗಿದ್ದರೆ ಕಣ್ಣಿಗೆ ಏನೂ ಕಾಣದು, ಕಿವಿಗೆ ಗೊತ್ತಾಗುತ್ತದೆ. ಮೆಲ್ಲಗೆ ಒಂದು ತಂತಿ ಮೀಟಿ, ನಾದ ಅಡಗುವವರೆಗೆ ಕೇಳಿ. ಕೊನೆಕೊನೆಗೆ ಸ್ವರಕ್ಕೆ ಮರಳು ಬೆರೆತ ಹಾಗೆ ಕರಕರ ಅನ್ನುತ್ತದೆ. ಎರಡು ಟ್ಯೂಬುಗಳು ಸಿಗ್ನಲ್ಲನ್ನು ಕೈಯಿಂದ ಕೈಗೆ ದಾಟಿಸುವ ಜಾಗದಲ್ಲಿ ಇಬ್ಬರೂ ಕೈಬಿಟ್ಟಾಗ ಬರುವ ಸದ್ದು ಅದು. ತೀರಾ ಬಿಸಿಯಿದ್ದರೆ ನಾದ ಮೊದಮೊದಲು ತುಂಬಿಕೊಂಡ ಹಾಗಿರುತ್ತದೆ, ಆಮೇಲೆ ಅಂಚಿಲ್ಲದೆ ಮೆತ್ತಗಾಗುತ್ತದೆ. ಪವರ್ ಟ್ರಾನ್ಸ್‌ಫಾರ್ಮರ್ ಮುಟ್ಟಲಾಗದಷ್ಟು ಕಾಯುತ್ತದೆ, ಕೆಲವೊಮ್ಮೆ ಹಮ್ (ಸ್ಪೀಕರಿನ ಗುಂಯ್ ಎನ್ನುವ ಸದ್ದು) ಕೂಡ ಏರುತ್ತದೆ.

ಜೀವದ ವಿಷಯ

ಇಲ್ಲಿ ಸ್ವಲ್ಪ ನಿಧಾನ. ಟ್ಯೂಬ್ ಆಂಪಿನ ಚಾಸಿಯೊಳಗೆ (ಬಿಡಿಭಾಗಗಳಿರುವ ಲೋಹದ ಪೆಟ್ಟಿಗೆಯೊಳಗೆ) 400ರಿಂದ 500 ವೋಲ್ಟ್ ಡಿಸಿ ಓಡಾಡುತ್ತದೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರುಗಳು ಅದನ್ನು ಹಿಡಿದಿಟ್ಟುಕೊಂಡಿರುತ್ತವೆ. 450 ವೋಲ್ಟ್ ತುಂಬಿದ 100 ಮೈಕ್ರೊಫ್ಯಾರಡ್ ಅಂದರೆ ಸುಮಾರು 10 ಜೂಲ್. ಎದೆಯ ಮೂಲಕ ಹರಿದರೆ ಅದು ಬರೀ ಶಾಕ್ ಆಗಿ ಉಳಿಯಲಿಕ್ಕಿಲ್ಲ.

ಸ್ಟ್ಯಾಂಡ್‌ಬೈ ಸ್ವಿಚ್ಚನ್ನು (ಹೀಟರ್ ಉರಿಯಲು ಬಿಟ್ಟು ಹೈ ವೋಲ್ಟೇಜನ್ನು ಮಾತ್ರ ತಡೆಯುವ ಸ್ವಿಚ್ ಅದು) ನುಡಿಸುವ ಸ್ಥಿತಿಯಲ್ಲೇ ಬಿಟ್ಟು ಪವರ್ ಆಫ್ ಮಾಡಿದರೆ ಬಿಸಿಯಿರುವ ಟ್ಯೂಬುಗಳೇ ಕೆಪಾಸಿಟರಿನ ಚಾರ್ಜನ್ನು ಬಹುಪಾಲು ಹೀರಿಬಿಡುತ್ತವೆ. ಮೊದಲು ಸ್ಟ್ಯಾಂಡ್‌ಬೈಗೆ ಹಾಕಿ ಆಮೇಲೆ ಪವರ್ ಆಫ್ ಮಾಡಿದರೆ ಆ ಸಹಾಯ ಇಲ್ಲ. ಮುಂದೆ ನಾವು ಪವರ್ ಟ್ಯೂಬುಗಳನ್ನು ಕಿತ್ತಿಟ್ಟು ಅಳೆಯಲಿದ್ದೇವೆ. ಆಗಂತೂ ಹೀರುವವರೇ ಇರುವುದಿಲ್ಲ, ಆದ್ದರಿಂದ ಅಪಾಯ ಹೆಚ್ಚು.

ಪ್ಲಗ್ಗನ್ನು ಗೋಡೆಯಿಂದ ಕಿತ್ತು ಕಣ್ಣಿಗೆ ಕಾಣುವ ಕಡೆ ಇಟ್ಟುಕೊಳ್ಳಿ. ಸ್ವಿಚ್ ಆಫ್ ಮಾಡಿದ್ದರೂ ಪ್ಲಗ್ ಗೋಡೆಯಲ್ಲಿದ್ದರೆ ಫ್ಯೂಸ್ ಮತ್ತು ಸ್ವಿಚ್ಚಿನ ಕಾಲುಗಳಲ್ಲಿ ಮನೆಯ ಕರೆಂಟ್ ಇದ್ದೇ ಇರುತ್ತದೆ. ಒಂದು 10 ಕಿಲೊಓಮ್, 5 ವಾಟ್ ರೆಸಿಸ್ಟರಿನ ಎರಡೂ ಕಾಲುಗಳಿಗೆ ಪ್ಲಾಸ್ಟಿಕ್ ಸ್ಲೀವ್ ತೊಡಿಸಿದ ಕ್ರೊಕೊಡೈಲ್ ಕ್ಲಿಪ್ ತಂತಿ ಬೆಸೆದಿಟ್ಟುಕೊಂಡಿರಿ. ಒಂದು ತುದಿಯನ್ನು ಮೊದಲು ಚಾಸಿಗೆ ಕಚ್ಚಿಸಿ, ಆಮೇಲೆ ಇನ್ನೊಂದನ್ನು ಫಿಲ್ಟರ್ ಕೆಪಾಸಿಟರಿನ ಪ್ಲಸ್ ಕಾಲಿಗೆ. 100 ಮೈಕ್ರೊಫ್ಯಾರಡ್ ಇದ್ದರೆ 5 ಸೆಕೆಂಡಿನಲ್ಲಿ ನೂರಕ್ಕೆ ಒಂದು ಪಾಲೂ ಉಳಿಯುವುದಿಲ್ಲ. ಹಾಗಂತ ನಂಬಬೇಡಿ, ಮೀಟರ್ ಇಟ್ಟು ನೋಡಿ. ಪ್ರತಿಯೊಂದು ಫಿಲ್ಟರ್ ಕೆಪಾಸಿಟರನ್ನೂ ಹೀಗೆಯೇ ನೋಡಬೇಕು. ಖಾಲಿಯಾದ ಮೇಲೂ ಕೆಪಾಸಿಟರ್ ತಾನಾಗಿ ಒಂದಷ್ಟು ವೋಲ್ಟ್ ಮರಳಿ ಗಳಿಸಿಕೊಳ್ಳುವ ಸ್ವಭಾವದ್ದು, ಆದ್ದರಿಂದ ಒಳಗೆ ಕೈ ಹಾಕಿರುವಷ್ಟು ಹೊತ್ತು ಕ್ಲಿಪ್ ಅಲ್ಲೇ ಇರಲಿ. ಆನ್ ಮಾಡುವ ಮುಂಚೆ ತೆಗೆಯಲು ಮರೆಯಬೇಡಿ. ನಾನು ಒಮ್ಮೆ ಮರೆತಿದ್ದೆ. ಸುಟ್ಟ ಬಣ್ಣದ ವಾಸನೆ ಎರಡು ದಿನ ಕೋಣೆ ಬಿಟ್ಟು ಹೋಗಲಿಲ್ಲ.

ಸ್ಕ್ರೂಡ್ರೈವರ್ ಅಡ್ಡ ಹಿಡಿದು ಚಟ್ ಅನ್ನಿಸಿ ಖಾಲಿ ಮಾಡುವವರನ್ನು ನೋಡಿದ್ದೇನೆ. ಕೆಪಾಸಿಟರಿಗೂ ಒಳ್ಳೆಯದಲ್ಲ, ಕಣ್ಣಿಗೂ ಒಳ್ಳೆಯದಲ್ಲ.

ಆನ್ ಮಾಡಿ ಅಳೆಯುವಾಗ ಕಪ್ಪು ಪ್ರೋಬನ್ನು ಕ್ಲಿಪ್ಪಿನಿಂದ ಚಾಸಿಗೆ ಕಚ್ಚಿಸಿಬಿಡಿ, ಕೆಂಪು ಪ್ರೋಬ್ ಬಲಗೈಯಲ್ಲಿ, ಎಡಗೈ ಜೇಬಿನಲ್ಲಿ. ಉಂಗುರ, ಕೈಗಡಿಯಾರ, ಕೊರಳ ಸರ ಎಲ್ಲ ಬೇರೆ ಕೋಣೆಯಲ್ಲಿರಲಿ. ಮೀಟರ್ ಮತ್ತು ಅದರ ಪ್ರೋಬುಗಳು ಕನಿಷ್ಠ 600 ವೋಲ್ಟಿನವು, 1000 ಇದ್ದರೆ ಇನ್ನೂ ಒಳ್ಳೆಯದು. ಸ್ಪೀಕರ್ ಅಥವಾ ಸರಿಯಾದ ಲೋಡ್ ಇಲ್ಲದೆ ಆಂಪನ್ನು ಎಂದೂ ಆನ್ ಮಾಡಬಾರದು. ಲೋಡಿಲ್ಲದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸಿಗ್ನಲ್ ಬಂದಾಗ ತನ್ನೊಳಗೇ ಕಿಡಿ ಹಾರಿಸಿಕೊಂಡು ಸಾಯಬಹುದು. ಹಮ್ ಹೋಗಲಿ ಅಂತ ಅರ್ಥ್ ಪಿನ್ ತೆಗೆಯುವ ಚಾಳಿ ಇದ್ದರೆ ಈ ಬರಹವನ್ನು ಇಲ್ಲಿಗೇ ಮುಚ್ಚಿಬಿಡಿ. ಮನೆಯಲ್ಲಿ ಇನ್ನೊಬ್ಬರು ಎಚ್ಚರವಾಗಿರುವಾಗಲೇ ಈ ಕೆಲಸ ಮಾಡಿ. ಇಷ್ಟು ಓದಿ ಕೈ ನಡುಗಿದರೆ ಆಂಪನ್ನು ತಂತ್ರಜ್ಞರ ಬಳಿ ಕೊಂಡೊಯ್ಯುವುದರಲ್ಲಿ ಅವಮಾನವೇನಿಲ್ಲ.

ಮೊದಲ ಸುತ್ತು: ಪ್ಲಗ್ ಹೊರಗಿದ್ದಾಗಲೇ

ಒಂದೇ ಟ್ಯೂಬ್ ಕೆಂಪಾಗಿದ್ದರೆ ಅತ್ಯಂತ ಅಗ್ಗದ ಪರೀಕ್ಷೆ ಪ್ಲಗ್ ಕಿತ್ತಿರುವಾಗ ಎರಡು ಟ್ಯೂಬುಗಳ ಜಾಗ ಅದಲುಬದಲು ಮಾಡಿ, ಆಮೇಲೆ ಸ್ವಲ್ಪ ಹೊತ್ತು ಆನ್ ಮಾಡಿ ನೋಡುವುದು. ಕೆಂಪು ಟ್ಯೂಬಿನ ಜೊತೆ ಹೋದರೆ ತಪ್ಪು ಟ್ಯೂಬಿನದು. ಕೆಂಪು ಅದೇ ಸಾಕೆಟ್ಟಿನಲ್ಲಿ ಉಳಿದರೆ ತಪ್ಪು ಆಂಪಿನದು. ಎರಡೂ ಒಟ್ಟಿಗೆ ಕೆಂಪಾಗಿದ್ದರೆ ಅದಲುಬದಲು ಮಾಡುವ ಅಗತ್ಯವಿಲ್ಲ, ಬಯಾಸ್ ಸಪ್ಲೈ ಮೇಲೆ ನೇರ ಅನುಮಾನ.

ಆಮೇಲೆ ಸಾಕೆಟ್. ಇಎಲ್34, 6ಎಲ್6, 6ವಿ6 ಮೂರಕ್ಕೂ ಅದೃಷ್ಟವಶಾತ್ ಮುಖ್ಯ ಪಿನ್‌ಗಳು ಒಂದೇ: 3 ಪ್ಲೇಟ್, 4 ಸ್ಕ್ರೀನ್ (ಹಲಗೆಗೂ ಪ್ಲೇಟಿಗೂ ನಡುವಿನ ಇನ್ನೊಂದು ಗ್ರಿಡ್), 5 ಕಂಟ್ರೋಲ್ ಗ್ರಿಡ್ (ನಮ್ಮ ತೂಬಿನ ಹಲಗೆ), 8 ಕ್ಯಾಥೋಡ್, 2 ಮತ್ತು 7 ಹೀಟರ್. ತಂತಿಗಳಿರುವ ಕೆಳಬದಿಯಿಂದ ನೋಡುವಾಗ ನಡುವಿನ ತೂತಿನಲ್ಲಿರುವ ಕಚ್ಚಿನಿಂದ ಶುರುಮಾಡಿ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಎಣಿಸಬೇಕು. ಮೇಲಿನಿಂದ ನೋಡಿ ಎಣಿಸಿದರೆ ಎಲ್ಲ ತಲೆಕೆಳಗು. ಇಎಲ್84ರ ವಿಳಾಸ ಬೇರೆ: 2 ಗ್ರಿಡ್, 3 ಕ್ಯಾಥೋಡ್, 7 ಪ್ಲೇಟ್, 9 ಸ್ಕ್ರೀನ್.

5ನೇ ಪಿನ್ನಿನ ಹಿಡಿತ ಸಡಿಲವಾಗಿದ್ದರೆ ಗ್ರಿಡ್‌ಗೆ ಮೈನಸ್ ವೋಲ್ಟೇಜ್ ತಲುಪುವುದಿಲ್ಲ, ತೂಬಿನ ಹಲಗೆ ಪೂರ್ತಿ ಮೇಲೆ. ಟ್ಯೂಬನ್ನು ಒಳಗೆ ಕೂರಿಸುವಾಗ ಬಿಗಿಯಿಲ್ಲದೆ ಜಾರಿಕೊಂಡು ಹೋದರೆ ಅನುಮಾನ ಪಡಿ. ಸಾಕೆಟ್ಟಿನ ಒಳಗಿನ ತಗಡನ್ನು ಹಲ್ಲಿನ ಕಡ್ಡಿಯಷ್ಟು ತೆಳ್ಳಗಿನ ಉಪಕರಣದಿಂದ ತುಸು ಒಳಕ್ಕೆ ಒತ್ತಿದರೆ ಹಿಡಿತ ಮರಳುತ್ತದೆ. ಹೀಗೆ ಗುಣವಾದ ಆಂಪುಗಳ ಲೆಕ್ಕ ನನ್ನಲ್ಲಿ ಸಾಕಷ್ಟಿದೆ.

ಸ್ಕ್ರೀನ್ ರೆಸಿಸ್ಟರ್ ಅಳೆಯಿರಿ. ಫೆಂಡರ್ ಕುಲದಲ್ಲಿ ಸಾಮಾನ್ಯವಾಗಿ 470 ಓಮ್, ಮಾರ್ಷಲ್ ಕುಲದಲ್ಲಿ 1 ಕಿಲೊಓಮ್. ಹಿಂದೆ ಯಾವುದಾದರೂ ಟ್ಯೂಬ್ ಶಾರ್ಟ್ ಆಗಿ ಸತ್ತಿದ್ದರೆ ಇದು ಸುಟ್ಟು ಓಪನ್ ಆಗಿರುತ್ತದೆ, ಆ ಟ್ಯೂಬ್ ಕೆಲಸವನ್ನೇ ಮಾಡದೆ ತಣ್ಣಗೆ ಕೂತಿರುತ್ತದೆ. ಬಯಾಸ್ ಸಪ್ಲೈನಿಂದ ಗ್ರಿಡ್‌ಗೆ ಬರುವ ರೆಸಿಸ್ಟರುಗಳೂ, ಹೆಚ್ಚಾಗಿ 220 ಕಿಲೊಓಮ್, ಎರಡೂ ಕಡೆ ಸಮನಾಗಿರಬೇಕು. ಮಾರ್ಷಲ್‌ನವರು ಒಂದು ಕಾಲದಲ್ಲಿ ಅಮೆರಿಕಕ್ಕೆ ಕಳಿಸಿದ ಎಷ್ಟೋ ಆಂಪುಗಳಲ್ಲಿ ಇಎಲ್34 ಬದಲು 6550 ಟ್ಯೂಬ್ ಹಾಕಿದ್ದರು. ಅಂಥವುಗಳಲ್ಲಿ ಇದು 150 ಕಿಲೊಓಮ್ ಇರುತ್ತದೆ, ಬಯಾಸಿನ ವ್ಯಾಪ್ತಿಯೂ ಬೇರೆ. ಅಂಥ ಆಂಪಿಗೆ ಸುಮ್ಮನೆ ಇಎಲ್34 ಚುಚ್ಚಿ ಆನ್ ಮಾಡುವಂತಿಲ್ಲ.

ಎರಡನೇ ಸುತ್ತು: ಪವರ್ ಟ್ಯೂಬಿಲ್ಲದೆ

ನನ್ನ ಮಟ್ಟಿಗೆ ಇಡೀ ಕೆಲಸದ ಹೃದಯ ಇದು, ಹೆಚ್ಚಿನವರು ಹಾರಿಸಿ ಹೋಗುವುದೂ ಇದನ್ನೇ.

ಪವರ್ ಟ್ಯೂಬುಗಳನ್ನು ಕಿತ್ತಿಡಿ. ಸಣ್ಣ ಪ್ರಿಆಂಪ್ ಟ್ಯೂಬುಗಳು ಅಲ್ಲೇ ಇರಲಿ. ಬಹಳ ದಿನ ಮೂಲೆಯಲ್ಲಿ ಬಿದ್ದಿದ್ದ ಆಂಪಾದರೆ ಸೀರೀಸ್ ಬಲ್ಬಿನ (ಗೋಡೆಯ ಕರೆಂಟ್ ಹಾದುಬರುವಂತೆ ನಡುವೆ ಕಟ್ಟಿದ ಬಲ್ಬಿನ) ಮೂಲಕ ಆನ್ ಮಾಡಿ. 60 ಅಥವಾ 100 ವಾಟಿನ ಹಳೆಯ ತಂತಿ ಬಲ್ಬೇ ಆಗಬೇಕು, ಎಲ್‌ಇಡಿ ನಡೆಯದು. ಒಮ್ಮೆ ಮಿನುಗಿ ಮಂಕಾದರೆ ಸರಿ, ಪೂರ್ತಿ ಬೆಳಕಿನಲ್ಲೇ ನಿಂತರೆ ಒಳಗೆಲ್ಲೋ ಶಾರ್ಟ್ ಇದೆ. ಅದು ಪಾಸಾದ ಮೇಲೆ ಬಲ್ಬನ್ನು ತೆಗೆಯಿರಿ, ಯಾಕೆಂದರೆ ಅದು ವೋಲ್ಟೇಜ್ ತಿನ್ನುವುದರಿಂದ ಮುಂದಿನ ಅಳತೆಗಳೆಲ್ಲ ಸುಳ್ಳಾಗುತ್ತವೆ.

ಸ್ಟ್ಯಾಂಡ್‌ಬೈಯಲ್ಲೇ ಇಟ್ಟು 5ನೇ ಪಿನ್ ಅಳೆಯಿರಿ. ಬಹುತೇಕ ಆಂಪುಗಳಲ್ಲಿ ಬಯಾಸ್ ಸಪ್ಲೈ ಸ್ಟ್ಯಾಂಡ್‌ಬೈಗೆ ಕಾಯದೆ ಪವರ್ ಸ್ವಿಚ್ ಹಾಕಿದ ಕೂಡಲೇ ಎದ್ದು ನಿಲ್ಲುತ್ತದೆ. ಹಾಗಿದ್ದರೂ ಎಲ್ಲ ಪಿನ್ನುಗಳಲ್ಲೂ ಹೈ ವೋಲ್ಟೇಜ್ ಇದೆಯೆಂದೇ ಭಾವಿಸಿ ಕೈಯಾಡಿಸಿ. 4 ಮತ್ತು 5 ಅಕ್ಕಪಕ್ಕದ ಮನೆಗಳು. ಒಂದರಲ್ಲಿ ಪ್ಲಸ್ 400ಕ್ಕೂ ಹೆಚ್ಚು, ಇನ್ನೊಂದರಲ್ಲಿ ಮೈನಸ್ 40ರ ಆಸುಪಾಸು. ಪ್ರೋಬ್ ಜಾರಿ ಎರಡನ್ನೂ ಮುಟ್ಟಿದರೆ ಮುಗಿಯಿತು. ಫೆಂಡರ್‌ನಂಥ ಆಂಪುಗಳಲ್ಲಿ ಖಾಲಿ ಇರುವ 6ನೇ ಪಿನ್ನನ್ನೂ ಸ್ಕ್ರೀನ್ ರೆಸಿಸ್ಟರ್ ಕಟ್ಟಲು ಬಳಸಿಕೊಂಡಿರುತ್ತಾರೆ, ಅಂದರೆ 5ರ ಎರಡೂ ಮಗ್ಗುಲಲ್ಲಿ ಹೈ ವೋಲ್ಟೇಜ್. ಪ್ರೋಬಿನ ಲೋಹದ ತುದಿ ಎರಡು ಮಿಲಿಮೀಟರ್ ಮಾತ್ರ ಹೊರಗಿರುವಂತೆ ಉಳಿದುದಕ್ಕೆ ಸ್ಲೀವ್ ತೊಡಿಸಿ.

ಎರಡೂ ಸಾಕೆಟ್ಟಿನಲ್ಲಿ ಸೊನ್ನೆ ಬಂದರೆ ಬಯಾಸ್ ಸಪ್ಲೈ ಸತ್ತಿದೆ. ಡಯೋಡ್, ಅದರ ಮುಂದಿನ ರೆಸಿಸ್ಟರ್, ಎಲೆಕ್ಟ್ರೊಲಿಟಿಕ್ ಕೆಪಾಸಿಟರ್, ಪಾಟ್, ಇವಿಷ್ಟೇ ಅಲ್ಲಿನ ಸಂಸಾರ. ಹಳೆಯ ಆಂಪಾದರೆ ಕೆಪಾಸಿಟರ್ ಒಣಗಿರುವುದೇ ಹೆಚ್ಚು, ಆಗ ಸೊನ್ನೆಗೆ ಬದಲು ಇರಬೇಕಾದ್ದಕ್ಕಿಂತ ಕಡಿಮೆ ಮೈನಸ್ ಸಿಗುತ್ತದೆ, ಜೊತೆಗೆ ಹಮ್. ಬದಲಾಯಿಸುವಾಗ ಒಂದು ಎಚ್ಚರ: ಇಲ್ಲಿ ವೋಲ್ಟೇಜ್ ಮೈನಸ್ ಆದ್ದರಿಂದ ಕೆಪಾಸಿಟರಿನ ಪ್ಲಸ್ ಕಾಲು ಚಾಸಿಗೆ ಹೋಗಬೇಕು. ಕೈ ಅಭ್ಯಾಸಬಲದಿಂದ ಉಲ್ಟಾ ಬೆಸೆದುಬಿಡುತ್ತದೆ. ಓದಿಕೆ ನಿಲ್ಲದೆ ಕುಣಿದರೆ ಪಾಟ್ ಕೊಳೆಯಾಗಿದೆ, ಅದನ್ನು ಶುಚಿಗೊಳಿಸುವುದಕ್ಕಿಂತ ಹೊಸದು ಹಾಕುವುದೇ ಲೇಸು.

ಅಂದಹಾಗೆ, 10 ಮೆಗಾಓಮಿನ ಡಿಜಿಟಲ್ ಮೀಟರ್ ಕೂಡ 220 ಕಿಲೊಓಮಿನ ಮೂಲಕ ಅಳೆಯುವಾಗ ನೂರಕ್ಕೆ ಎರಡರಷ್ಟು ಕಡಿಮೆ ತೋರಿಸುತ್ತದೆ. ನಿಜವಾದ 42 ವೋಲ್ಟ್ 41.1 ಎಂದು ಕಾಣುತ್ತದೆ. ಎರಡೂ ಕಡೆ ಅಷ್ಟೇ ಕಡಿಮೆಯಾಗುವುದರಿಂದ ಹೋಲಿಕೆಗೆ ತೊಂದರೆಯಿಲ್ಲ. ಹಳೆಯ ಮುಳ್ಳಿನ ಮೀಟರನ್ನು ಮಾತ್ರ ಇಲ್ಲಿ ತರಬೇಡಿ. ಅದು ಗ್ರಿಡ್ ವೋಲ್ಟೇಜನ್ನೇ ಎಳೆದು ಇಳಿಸಿಬಿಡುತ್ತದೆ, ಟ್ಯೂಬ್ ಹಾಕಿರುವಾಗ ಮುಟ್ಟಿಸಿದರೆ ಅಳೆಯಲು ಹೋದ ಕೈಯೇ ಟ್ಯೂಬನ್ನು ಕೆಂಪಾಗಿಸುತ್ತದೆ.

ಈಗ ಆ ಕಥೆ. ಎರಡು ಇಎಲ್34 ಇರುವ ಆಂಪ್, ಪ್ಲೇಟಿನಲ್ಲಿ 450 ವೋಲ್ಟ್. ಎಡಗಡೆಯ ಟ್ಯೂಬ್ ಹತ್ತು ನಿಮಿಷಕ್ಕೆ ಕೆಂಪು. ಅದಲುಬದಲು ಮಾಡಿದೆ, ಕೆಂಪು ಎಡಗಡೆಯಲ್ಲೇ ಉಳಿಯಿತು. ಟ್ಯೂಬ್ ತೆಗೆದು ಸ್ಟ್ಯಾಂಡ್‌ಬೈಯಲ್ಲಿ ಅಳೆದೆ. ಎಡಗಡೆ ಮೈನಸ್ 42, ಬಲಗಡೆ ಮೈನಸ್ 42. ಇದಕ್ಕಿಂತ ಸರಿ ಇರಲು ಸಾಧ್ಯವೇ? ಬಯಾಸ್ ಸಪ್ಲೈ ಗಟ್ಟಿಮುಟ್ಟಾಗಿದೆ ಎಂದು ಷರಾ ಬರೆದು, ಬಯಾಸ್ ಪಾಟನ್ನು ತಣ್ಣಗಿನ ಕಡೆ ತಿರುಗಿಸಿದೆ. ಕೆಂಪು ಹೋಯಿತು. ಬಲಗಡೆಯ ಟ್ಯೂಬ್ ಹೆಚ್ಚುಕಡಿಮೆ ಮಲಗಿಬಿಟ್ಟಿತ್ತು, ಕಿವಿಗೆ ಕರಕರ ಬರುತ್ತಿತ್ತು, ನಾನು ಅದನ್ನು ಸ್ಪೀಕರಿನ ತಲೆಗೆ ಕಟ್ಟಿದೆ. ಮೂರನೆಯ ದಿನ ತಾಲೀಮಿನ ನಡುವೆ ಫ್ಯೂಸ್ ಹಾರಿತು, ಎಡಗಡೆಯ ಟ್ಯೂಬ್ ಒಳಗೇ ಶಾರ್ಟ್ ಆಗಿತ್ತು. ಅದರ ಜೋಡಿಯನ್ನೂ ಆಮೇಲೆ ನಂಬಲಾಗಲಿಲ್ಲ.

ನಾನು ಮಾಡಿದ ತಪ್ಪು ಇಷ್ಟೇ: ಸ್ಟ್ಯಾಂಡ್‌ಬೈ ತೆಗೆದು ನೋಡಿರಲಿಲ್ಲ. ಹೈ ವೋಲ್ಟೇಜ್ ಕೊಟ್ಟು, ಆಂಪ್ ಬಿಸಿಯಾಗುವವರೆಗೆ ಕಾದು ಮತ್ತೆ ಅಳೆದಾಗ ಬಲಗಡೆ 42ರಲ್ಲೇ ನಿಂತಿತ್ತು. ಎಡಗಡೆ 42, 41, 39 ಅನ್ನುತ್ತ ಹತ್ತನೇ ನಿಮಿಷಕ್ಕೆ 36ಕ್ಕೆ ಬಂದು ಕೂತಿತು. ಫೇಸ್ ಇನ್ವರ್ಟರಿನಿಂದ (ಸಿಗ್ನಲ್ಲನ್ನು ಎರಡು ಪವರ್ ಟ್ಯೂಬುಗಳಿಗೆ ಹಂಚುವ ಹಂತದಿಂದ) ಗ್ರಿಡ್‌ಗೆ ಸಿಗ್ನಲ್ ದಾಟಿಸುವ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿತ್ತು. ಅದರ ಆಚೆ ಬದಿಯಲ್ಲಿ 200 ವೋಲ್ಟಿಗಿಂತ ಹೆಚ್ಚಿದೆ. ಸ್ಟ್ಯಾಂಡ್‌ಬೈಯಲ್ಲಿ ಆ ವೋಲ್ಟೇಜೇ ಇಲ್ಲ, ಇನ್ನು ಸೋರುವುದೆಲ್ಲಿಂದ? 220 ಕಿಲೊಓಮಿನ ಮೇಲೆ 6 ವೋಲ್ಟ್ ಅಂದರೆ ಬರೀ 27 ಮೈಕ್ರೊಆಂಪಿಯರ್ ಸೋರಿಕೆ. ಬಿಸಿಯಾದಾಗ ಮಾತ್ರ ಸೋರುವ ಆ ಕೆಪಾಸಿಟರನ್ನು ಮೇಜಿನ ಮೇಲಿಟ್ಟು ಮೀಟರಿನಲ್ಲಿ ಅಳೆದರೆ ಏನೂ ಗೊತ್ತಾಗುತ್ತಿರಲಿಲ್ಲ. ಆದರೆ ಆ 6 ವೋಲ್ಟ್ ಟ್ಯೂಬಿನ ಕರೆಂಟನ್ನು 36ರಿಂದ 63 ಮಿಲಿಆಂಪಿಯರ್‌ಗೆ ಏರಿಸಿತ್ತು. 450 ವೋಲ್ಟ್ ಗುಣಿಸು 63 ಮಿಲಿಆಂಪಿಯರ್, 28 ವಾಟ್. ಇಎಲ್34ರ ಪ್ಲೇಟ್ ತಾಳುವುದು 25.

ಎರಡೂ ಕಪ್ಲಿಂಗ್ ಕೆಪಾಸಿಟರುಗಳನ್ನು ಒಟ್ಟಿಗೇ ಬದಲಿಸಿದೆ. ಒಂದು ಹೋಗಿದ್ದರೆ ಅದರ ಜೊತೆಗಾರನಿಗೂ ಅಷ್ಟೇ ವಯಸ್ಸು.

ಆದ್ದರಿಂದ ಪರೀಕ್ಷೆ ಎರಡು ಬಾರಿ: ಸ್ಟ್ಯಾಂಡ್‌ಬೈಯಲ್ಲಿ ಒಮ್ಮೆ, ಹೈ ವೋಲ್ಟೇಜ್ ಕೊಟ್ಟು ಕನಿಷ್ಠ ಹದಿನೈದು ನಿಮಿಷ ಬಿಟ್ಟು ಇನ್ನೊಮ್ಮೆ. ಪವರ್ ಟ್ಯೂಬಿಲ್ಲದಾಗ ಹೈ ವೋಲ್ಟೇಜ್ ಮಾಮೂಲಿಗಿಂತ ಮೇಲೇರುತ್ತದೆ, ಫಿಲ್ಟರ್ ಕೆಪಾಸಿಟರಿನ ಮೇಲೆ ಬರೆದ ಮಿತಿ ದಾಟುತ್ತಿಲ್ಲವೆಂದು ಮೊದಲೇ ನೋಡಿಕೊಳ್ಳಿ.

ಮೂರನೇ ಸುತ್ತು: ಟ್ಯೂಬ್ ಹಾಕಿ ಹೊಂದಿಸುವುದು

ಇಲ್ಲಿಯವರೆಗೆ ಎಲ್ಲ ಸರಿ ಬಂದಿದ್ದರೆ ಇನ್ನು ಉಳಿದದ್ದು ಸಣ್ಣ ಲೆಕ್ಕ. ಟ್ಯೂಬಿನ ಕರೆಂಟ್ ಅಳೆಯಲು ನಾಲ್ಕಾರು ದಾರಿಗಳಿವೆ, ಮನೆಯಲ್ಲಿ ಮಾಡುವವರಿಗೆ ನಾನು ಒಪ್ಪುವುದು ಎರಡನ್ನು ಮಾತ್ರ. ಒಂದು, 8ನೇ ಪಿನ್ ಮತ್ತು ಚಾಸಿಯ ನಡುವೆ 1 ಓಮಿನ ರೆಸಿಸ್ಟರ್. ಅದರ ಮೇಲೆ ಬೀಳುವ ಪ್ರತಿ ಮಿಲಿವೋಲ್ಟೂ ಒಂದು ಮಿಲಿಆಂಪಿಯರ್. ಇನ್ನೊಂದು, ಟ್ಯೂಬಿಗೂ ಸಾಕೆಟ್ಟಿಗೂ ನಡುವೆ ಕೂರುವ ಬಯಾಸ್ ಪ್ರೋಬ್. ಒಳಗಿರುವುದು ಅದೇ 1 ಓಮ್. ಬಯಾಸ್ ಪಾಟ್ ಹೊರಗಿನಿಂದ ಸಿಗುವಂತಿದ್ದರೆ ಚಾಸಿ ಬಿಚ್ಚುವ ಗೋಜೇ ಇಲ್ಲ.

ಮೀಟರನ್ನು ಮಿಲಿಆಂಪಿಯರ್ ಸ್ಥಾನಕ್ಕೆ ತಿರುಗಿಸಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ನಡುಭಾಗದಿಂದ ಪ್ಲೇಟಿಗೆ ಹಿಡಿಯುವ ಇನ್ನೊಂದು ದಾರಿ ಚಾಲ್ತಿಯಲ್ಲಿದೆ. ಆ ಸ್ಥಾನದಲ್ಲಿ ಮೀಟರ್ ಬರೀ ತಂತಿಯಿದ್ದ ಹಾಗೆ. ಎರಡೂ ಪ್ರೋಬುಗಳಲ್ಲಿ 450 ವೋಲ್ಟ್, ಒಂದು ಜಾರಿ ಚಾಸಿಗೆ ತಾಗಿದರೆ ಇಡೀ ಸಪ್ಲೈ ನಿಮ್ಮ ಕೈಯಲ್ಲಿರುವ ತಂತಿಯ ಮೂಲಕವೇ ಶಾರ್ಟ್. ಅಳತೆ ನಿಖರವೇ, ಆದರೆ ಬೇಡ.

1 ಓಮಿನ ರೆಸಿಸ್ಟರ್ ನಿಜಕ್ಕೂ 1 ಓಮ್ ಇದೆಯೇ ಎಂದು ಮೊದಲು ನೋಡಿ. ಹಿಂದೊಮ್ಮೆ ಟ್ಯೂಬ್ ಸತ್ತಾಗ ಸುಟ್ಟು ಓಮ್ ಏರಿಸಿಕೊಂಡಿರಬಹುದು. ಅಗ್ಗದ ಮೀಟರುಗಳ ಪ್ರೋಬ್ ತಂತಿಯಲ್ಲೇ 0.2 ಓಮ್ ಇರುತ್ತದೆ, ಎರಡೂ ತುದಿಗಳನ್ನು ತಾಗಿಸಿ ಬಂದ ಸಂಖ್ಯೆಯನ್ನು ಕಳೆಯಿರಿ.

ಪ್ಲೇಟ್ ತಾಳುವ ಗರಿಷ್ಠ ವಾಟ್: ಇಎಲ್34ಕ್ಕೆ 25, 6ಎಲ್6ಜಿಸಿಗೆ 30, 6ವಿ6ಕ್ಕೆ 12, ಇಎಲ್84ಕ್ಕೂ 12. ಫಿಕ್ಸೆಡ್ ಬಯಾಸಿನ ಕ್ಲಾಸ್ ಎಬಿ (ಎರಡು ಟ್ಯೂಬುಗಳು ಸಿಗ್ನಲ್ಲನ್ನು ಹಂಚಿಕೊಳ್ಳುವ ಬಗೆಯ) ಆಂಪಿನಲ್ಲಿ ಸುಮ್ಮನಿರುವಾಗ ಇದರ ನೂರಕ್ಕೆ 70ನ್ನು ಮೀರಬಾರದು ಎನ್ನುವುದು ರೂಢಿ. ನುಡಿಸಿದಾಗ ಏರುವ ಶಾಖಕ್ಕೆ ಉಳಿದ 30 ಮೀಸಲು. ವಾಟನ್ನು ಪ್ಲೇಟ್ ವೋಲ್ಟೇಜಿನಿಂದ ಭಾಗಿಸಿದರೆ ಕರೆಂಟ್ ಸಿಗುತ್ತದೆ. 450 ವೋಲ್ಟಿನಲ್ಲಿ ಇಎಲ್34ಕ್ಕೆ 17.5 ವಾಟ್, ಅಂದರೆ 39 ಮಿಲಿಆಂಪಿಯರ್. 440 ವೋಲ್ಟಿನಲ್ಲಿ 6ಎಲ್6ಜಿಸಿಗೆ 48ಕ್ಕಿಂತ ತುಸು ಕಡಿಮೆ. 410 ವೋಲ್ಟಿನಲ್ಲಿ 6ವಿ6ಕ್ಕೆ ಬರೀ 20. ಜನ ಈ 70ನ್ನು ಗುರಿ ಎಂದುಕೊಳ್ಳುತ್ತಾರೆ. ಅದು ಗಡಿ. ನಾನು 60ರ ಹತ್ತಿರ ಶುರುಮಾಡಿ, ಕರಕರ ಹೋಗುವವರೆಗೆ ಮಾತ್ರ ಮೇಲೇರುತ್ತೇನೆ. ಎಷ್ಟೋ ಆಂಪುಗಳಿಗೆ 55ರಲ್ಲೇ ಸುಖ.

ಟ್ಯೂಬ್ ಹಾಕುವ ಮುಂಚೆ ಪಾಟನ್ನು ಅತಿ ಹೆಚ್ಚು ಮೈನಸ್ ಬರುವ ಕಡೆಗೆ ತಿರುಗಿಸಿಡಿ. ಯಾವ ಕಡೆ ಅನ್ನುವುದನ್ನು ಎರಡನೇ ಸುತ್ತಿನಲ್ಲೇ 5ನೇ ಪಿನ್ ನೋಡುತ್ತ ಗುರುತು ಹಾಕಿಕೊಂಡಿರಬಹುದು. ವಾಲ್ಯೂಮುಗಳೆಲ್ಲ ಸೊನ್ನೆ, ಸ್ಪೀಕರ್ ಜೋಡಿಸಿದೆ, ಗಿಟಾರ್ ಇಲ್ಲ. ಹತ್ತು ನಿಮಿಷ ಕಾಯಿಸಿ ಪ್ಲೇಟ್ ವೋಲ್ಟೇಜ್ ಒಮ್ಮೆ, ಕ್ಯಾಥೋಡ್ ಮಿಲಿವೋಲ್ಟ್ ಒಮ್ಮೆ ನೋಡಿ. ಪಾಟನ್ನು ಕೂದಲೆಳೆಯಷ್ಟು ತಿರುಗಿಸಿ, ಒಂದು ನಿಮಿಷ ಬಿಡಿ, ಮತ್ತೆ ಎರಡನ್ನೂ ಅಳೆಯಿರಿ. ಎರಡನ್ನೂ ಯಾಕೆಂದರೆ ಕರೆಂಟ್ ಏರಿದಂತೆ ಪ್ಲೇಟ್ ವೋಲ್ಟೇಜ್ ಇಳಿಯುತ್ತದೆ. ನನ್ನ ಆಂಪಿನಲ್ಲಿ 30 ಮಿಲಿಆಂಪಿಯರ್ ಇದ್ದಾಗ 462 ವೋಲ್ಟ್ ಇತ್ತು, 36ಕ್ಕೆ ತಂದಾಗ 455. ಅಂದರೆ 16.4 ವಾಟ್, ನೂರಕ್ಕೆ 65ರ ಆಸುಪಾಸು. ಕ್ಯಾಥೋಡಿನ ಕರೆಂಟಿನಲ್ಲಿ ಸ್ಕ್ರೀನಿನ ಪಾಲೂ ಸೇರಿರುತ್ತದೆ, ಇಎಲ್34ರಲ್ಲಿ ಅದು ಕೆಲವು ಮಿಲಿಆಂಪಿಯರ್ ಇದೆ. ಹಾಗಾಗಿ ಪ್ಲೇಟಿನ ನಿಜವಾದ ಶಾಖ ಲೆಕ್ಕಕ್ಕಿಂತ ಕಡಿಮೆಯೇ, ತಪ್ಪು ಕ್ಷೇಮದ ಕಡೆಗಿದೆ. ನಾನು ಅದನ್ನು ಕಳೆಯಲು ಹೋಗುವುದಿಲ್ಲ.

ಜೋಡಿ ಎಂದು ಕೊಂಡ ಟ್ಯೂಬುಗಳ ನಡುವೆಯೂ ಎರಡು ಮೂರು ಮಿಲಿಆಂಪಿಯರ್ ಅಂತರ ಇದ್ದೇ ಇರುತ್ತದೆ, ಚಿಂತೆ ಬೇಡ. ಲೆಕ್ಕ ಹಾಕುವಾಗ ಹೆಚ್ಚು ಎಳೆಯುವ ಟ್ಯೂಬನ್ನೇ ಹಿಡಿಯಿರಿ. ಅಂತರ ಹತ್ತನ್ನು ಮುಟ್ಟಿದರೆ ಮತ್ತೆ ಅದಲುಬದಲು ಪರೀಕ್ಷೆಗೆ ಹೋಗಿ.

ಹೊಂದಿಸಲು ಬಾರದ, ಹೊಂದಿಸಬೇಕಿಲ್ಲದ ಆಂಪುಗಳು

ಮೆಸಾ ಬೂಗಿಯ ಹೆಚ್ಚಿನ ಆಂಪುಗಳಲ್ಲಿ, ಫೆಂಡರ್ ಬ್ಲೂಸ್ ಜೂನಿಯರ್‌ನಲ್ಲಿ ಬಯಾಸ್ ಪಾಟೇ ಇಲ್ಲ. ಅಲ್ಲಿ ಹುಡುಕುತ್ತ ಕೂರಬೇಡಿ. ಫೆಂಡರ್‌ನ ಸಿಲ್ವರ್‌ಫೇಸ್ ಕಾಲದ ಹಲವು ಆಂಪುಗಳಲ್ಲಿ ಪಾಟ್ ಇದೆ, ಆದರೆ ಅದು ಎರಡು ಬದಿಗಳ ನಡುವೆ ಸಮತೋಲ ತರಲು ಮಾತ್ರ. ಅದನ್ನು ತಿರುಗಿಸಿದರೆ ಒಂದು ಕಡೆ ಏರಿ ಇನ್ನೊಂದು ಕಡೆ ಇಳಿಯುತ್ತದೆ. ಹಾಟ್ ರಾಡ್ ಡಿಲಕ್ಸ್‌ನಲ್ಲಿ ಅಳತೆಗೊಂದು ಬಿಂದು ಕೊಟ್ಟಿದ್ದಾರೆ, 60 ಮಿಲಿವೋಲ್ಟ್ ಬರಬೇಕು. ಅದು ಎರಡೂ ಟ್ಯೂಬುಗಳ ಕರೆಂಟ್ ಕೂಡಿ ಬರುವ ಸಂಖ್ಯೆ. ಒಂದಕ್ಕೇ 60 ಎಂದು ತಿಳಿದು 120ಕ್ಕೆ ಏರಿಸಿದವರ ಟ್ಯೂಬ್ ಮೊದಲ ಸಂಜೆಯೇ ಕೆಂಪು.

ಕ್ಯಾಥೋಡ್ ಬಯಾಸ್ ಆಂಪಿನಲ್ಲಿ ತಿರುಗಿಸಲು ಏನೂ ಇಲ್ಲ, ಅಳೆಯಬಹುದು. ಟ್ವೀಡ್ ಡಿಲಕ್ಸ್ ಮಾದರಿಯಲ್ಲಿ ಎರಡು 6ವಿ6ಗಳಿಗೆ ಸೇರಿ ಒಂದು 250 ಓಮ್ ರೆಸಿಸ್ಟರ್. ಅದರ ಮೇಲೆ 20 ವೋಲ್ಟ್ ಇದ್ದರೆ ಒಟ್ಟು 80, ತಲಾ 40 ಮಿಲಿಆಂಪಿಯರ್. ಇಲ್ಲಿ ಶಾಖದ ಲೆಕ್ಕಕ್ಕೆ ಪ್ಲೇಟ್ ವೋಲ್ಟೇಜಿನಿಂದ ಆ 20ನ್ನು ಕಳೆಯಬೇಕು. ಈ ಜಾತಿಯವು ಗರಿಷ್ಠ ಮಿತಿಯ ಅಂಚಿನಲ್ಲೇ ಓಡುವಂಥವು, ಫಿಕ್ಸೆಡ್ ಬಯಾಸಿನ 70ನ್ನು ಇವಕ್ಕೆ ಹೇರಬೇಡಿ. ಇವುಗಳಲ್ಲಿ ಟ್ಯೂಬ್ ಕೆಂಪಾದರೆ ಕ್ಯಾಥೋಡ್ ರೆಸಿಸ್ಟರಿಗೆ ಅಡ್ಡವಾಗಿರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಶಾರ್ಟ್ ಆಗಿದೆಯೇ ನೋಡಿ, ಅದಿಲ್ಲದಿದ್ದರೆ ಮತ್ತೆ ನಮ್ಮ ಹಳೆಯ ಕಳ್ಳ, ಸೋರುವ ಕಪ್ಲಿಂಗ್ ಕೆಪಾಸಿಟರ್.

ಮುಚ್ಚುವ ಮುನ್ನ

ಹೊಂದಿಸಿದ ಮೇಲೆ ಅರ್ಧ ಗಂಟೆ ಜೋರಾಗಿ ನುಡಿಸಿ, ಐದು ನಿಮಿಷ ಸುಮ್ಮನೆ ಬಿಟ್ಟು ಮತ್ತೆ ಅಳೆಯಿರಿ. ಹೊಸ ಟ್ಯೂಬುಗಳು ಮೊದಲ ಕೆಲವು ಗಂಟೆ ತುಸು ಅಲೆದಾಡುತ್ತವೆ. ಆಮೇಲೆ ಕೋಣೆಯ ದೀಪ ಆರಿಸಿ ಎರಡೂ ಟ್ಯೂಬುಗಳ ಪ್ಲೇಟನ್ನು ದಿಟ್ಟಿಸಿ ನೋಡಿ; ಹಗಲಿನಲ್ಲಿ ಕಾಣದ ಮಂಕು ಕೆಂಪು ಕತ್ತಲಲ್ಲಿ ಕಾಣುತ್ತದೆ. ಮನೆಯ ವೋಲ್ಟೇಜ್ ಏರಿಳಿಯುವ ಕಡೆ ಹೆಚ್ಚು ವೋಲ್ಟೇಜ್ ಬರುವ ಹೊತ್ತಿನಲ್ಲಿ ಒಮ್ಮೆ ಅಳೆದು, ಆಗಲೂ 70 ದಾಟದಂತೆ ನೋಡಿಕೊಳ್ಳಿ.

ಚಾಸಿ ಮುಚ್ಚುವ ಮುಂಚೆ ಒಳಬದಿಯಲ್ಲಿ ಒಂದು ಚೀಟಿ ಅಂಟಿಸುತ್ತೇನೆ. ತಾರೀಕು, ಟ್ಯೂಬಿನ ಹೆಸರು, ಗೋಡೆಯ ವೋಲ್ಟೇಜ್, ಪ್ಲೇಟ್ ವೋಲ್ಟೇಜ್, ಎರಡೂ ಕಡೆಯ ಮಿಲಿಆಂಪಿಯರ್, ಟ್ಯೂಬಿಲ್ಲದಾಗ ಬಿಸಿಯಲ್ಲಿ ಅಳೆದ ಗ್ರಿಡ್ ವೋಲ್ಟೇಜ್. ಆ ಇಎಲ್34 ಆಂಪಿನ ಚೀಟಿಯಲ್ಲಿ ಈಗ ನಾಲ್ಕು ಸಾಲುಗಳಿವೆ. ಮೊದಲ ಸಾಲಿನಲ್ಲಿ ಎಡ 42, ಬಲ 42 ಎಂದು ಬರೆದು ಪಕ್ಕದಲ್ಲಿ ಸರಿ ಎಂದು ಟಿಕ್ ಹಾಕಿದ್ದೇನೆ. ಅದನ್ನು ಹೊಡೆದುಹಾಕಿ, ಕೆಳಗೆ ಬೇರೆ ಬಣ್ಣದ ಶಾಯಿಯಲ್ಲಿ 'ಸ್ಟ್ಯಾಂಡ್‌ಬೈಯಲ್ಲಿ ಮಾತ್ರ' ಎಂದು ಸೇರಿಸಿದ್ದೇನೆ.